ಕಾಶಿಯಿಂದ ಬಂದ ಟ್ರಂಕಿನ ವಾಸನೆ

ಕಿವಿ ಹತ್ತಿರ ತನ್ನಿ, ಮೆಲ್ಲಗೆ ಹೇಳ್ತೀನಿ. ಯಾರ ಹತ್ರಾನೂ ಬಾಯಿ ಬಿಡಬೇಡಿ, ನನ್ನಾಣೆ. ಪಕ್ಕದ ಮನೆ ವೆಂಕಟಮ್ಮನ ಮಗ ನಾರಾಯಣ ಕಾಶಿಯ ದೊಡ್ಡ ಕಾಲೇಜಿನಲ್ಲಿ ಇಂಗ್ಲಿಷ್ ಔಷಧಿ ಮಾಡೋದು ಓದುತ್ತಿದ್ದ. ನನ್ನ ಮೊಮ್ಮಗಳನ್ನು ಅವನಿಗೇ ಕೊಡೋದು ಅಂತ ಮಾತಾಗಿತ್ತು. ರಜಕ್ಕೆ ಬಂದವನನ್ನು ನಾನೂ ವೆಂಕಟಮ್ಮನೂ ಕೋಲಾರದಲ್ಲಿ ಎದುರುಗೊಂಡು, ಮೂವರೂ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಲಿನಲ್ಲಿ ಓಡೋ ಬಸ್ಸು.

ಹಳ್ಳಕ್ಕೆ ಬಿದ್ದೆದ್ದಿತು ನೋಡಿ, ಅವನ ಟ್ರಂಕಿನೊಳಗೆ ಏನೋ ಒಡೆದು, ಸಾರಾಯಿ ಅಂಗಡಿ ವಾಸನೆ ಬಸ್ಸೆಲ್ಲಾ ತುಂಬಿತು.

“ಏನ್ಲಾ, ಕಾಶಿಗೆ ಹೋಗಿ ಕುಡಿಯೋದು ಕಲಿತ್ಯಾ? ಈ ಸಂಬಂಧ ಬೇಡ!” ಅಂತ ಎಲ್ಲರೆದುರೇ ಕೂಗಿದೆ.

ಅವನು ಟ್ರಂಕು ತೆಗೆದ. ಬಿಳಿ ಅಂಗಿಯೆಲ್ಲಾ ಕಂದು. “ಟಿಂಚರ್ ಅಜ್ಜಿ, ಗಾಯಕ್ಕೆ ಹಚ್ಚೋದು. ಸ್ಪಿರಿಟ್ ಹಾಕಿ ನಾನೇ ಮಾಡಿದ್ದು,” ಅಂದವನೇ ಒದ್ದೆ ಅಂಗಿಯ ತುದಿಯನ್ನು ನನ್ನ ಒಡೆದ ಹಿಮ್ಮಡಿಗೆ ಒತ್ತಿದ. ಪ್ರಾಣ ಹೋದಂಗಾಗಿ ಕಿರುಚಿಕೊಂಡೆ. ಇಂಥಾದ್ದನ್ನು ಯಾವ ಕುಡುಕನೂ ಗಂಟಲಿಗಿಳಿಸಲ್ಲ. ಸದ್ಯ, ಮೊಮ್ಮಗಳ ಬಾಳು ಉಳೀತು ಅಂತ ಉರಿಯಲ್ಲೂ ನಕ್ಕೆ.

ವೆಂಕಟಮ್ಮ ನಗಲಿಲ್ಲ. ನನ್ನ ಮುಖಕ್ಕೇ ಅಂದಳು: “ಹೆಣ್ಣನ್ನ ಕೊಡಿ ಅಕ್ಕಾ, ತಂದ್ಕೋತೀವಿ. ನಿಮ್ಮ ನಾಲಿಗೆ ಮಾತ್ರ ನಿಮ್ಮನೇಲೇ ಇರಲಿ. ಅದಕ್ಕೆ ಮದ್ದು ಮಾಡೋದು ಕಾಶಿಯಲ್ಲೂ ಕಲಿಸಲ್ವಂತೆ.”