ಗಿಡ್ಡಪ್ಪನ ಭಾನುವಾರದ ಬಿತ್ತನೆ

ನೆಂಟರಿಗೆ ಮಂಡಕ್ಕಿ ಮಿರ್ಚಿ ತಿನ್ನಿಸಿ ಬಸ್ ಹತ್ತಿಸಿದರೆ ಸಾಕಾಗುತ್ತಿದ್ದ ಕಾಲ ದಾವಣಗೆರೆಯಲ್ಲಿ ಮುಗಿಯಿತು. ಈಗ ಹರಿಹರದ ದಾರಿಯಲ್ಲಿರುವ ‘ಹಿಂದಿನ ಹಳ್ಳಿ’ ಎಂಬ ಪ್ರದರ್ಶನದ ಊರನ್ನೂ ತೋರಿಸಬೇಕು. ಸುತ್ತಲೂ ಅಷ್ಟು ಹಳ್ಳಿಗಳು ಬಿಟ್ಟಿಯಾಗಿ ಬಿದ್ದಿರುವಾಗ ಟಿಕೆಟ್ ಕೊಟ್ಟು ಹಳ್ಳಿ ನೋಡುವುದು ಯಾವ ಕರ್ಮ ಎಂದು ಪ್ರತಿ ಸಲ ಗೊಣಗುತ್ತೇನೆ. ಪ್ರತಿ ಸಲ ಹೋಗುತ್ತೇನೆ.

ಗಿಡ್ಡಪ್ಪನನ್ನು ಮೊದಲು ಕಂಡದ್ದು ಬೇಸಿಗೆಯಲ್ಲಿ. ಹತ್ತಿರದ ಹದಡಿ ಊರಿನವನು, ವಯಸ್ಸಾದವನು. ಹಳೇ ಕಾಲದ ರೈತನಾಗಿರುವುದೇ ಅವನ ನೌಕರಿ. ಭಾನುವಾರ ಮೈಕಿನಲ್ಲಿ ಕೂಗಿದೊಡನೆ ಎತ್ತು ಹೂಡಿ, ಕಾದ ಮಣ್ಣಿನಲ್ಲಿ ಕೂರಿಗೆಯಿಂದ ಬಿತ್ತಿ ತೋರಿಸಬೇಕು. ಕೂರಿಗೆಯ ಮೇಲಿನ ಬೀಜದ ಬಟ್ಟಲು ಮಾತ್ರ ಖಾಲಿ.

“ಬ್ಯಾಸ್ಗ್ಯಾಗೆ ಬಿತ್ತೋದು ನೋಡಿದ್ರೆ ನಮ್ಮೂರಾಗೆ ನಗ್ತಾರ್ರಿ” ಎಂದ.

“ಮತ್ತೆ ಯಾಕ ಬರ್ತೀರಿ?”

“ಎತ್ತಿಗೆ. ಟ್ರ್ಯಾಕ್ಟರ್ ಬಂದ ಮ್ಯಾಲೆ ನಮ್ಮ ಜೋಡಿ ಮಾರಿಬಿಟ್ವಿ. ಇಲ್ಲಿ ಇವು ಅದಾವು.”

ಮಳೆಗಾಲದಲ್ಲಿ ಇನ್ನೊಂದು ತಂಡ ನೆಂಟರೊಡನೆ ಹೋದರೆ ಅಲ್ಲಿ ರಂಪವೇ ನಡೆದಿತ್ತು. ಬಿತ್ತನೆಯ ಹೊಲದ ತುಂಬ ಗೇಣುದ್ದ ಜೋಳದ ಪೈರು. ಮ್ಯಾನೇಜರ್ ದಿನೇಶ್ ತಲೆ ಚಚ್ಚಿಕೊಳ್ಳುತ್ತಿದ್ದ.

“ಯಜಮಾನ್ರೆ, ನಿಮಗೆ ಬೀಜ ಹಾಕ್ರಿ ಅಂದೋರ್ಯಾರು?”

“ಹದಾ ಮಳೆ ಬಂದಿತ್ತು ಸಾರ್. ಬರೇ ಬಟ್ಲು ಹಿಡಿಯಾಕೆ ನಾಚ್ಕೆ ಆತು.”

“ಜನ ಟಿಕೆಟ್ ತಗಂಡು ನಿಂತಾರೆ. ಇದ್ರ ಮ್ಯಾಲೇ ಕೂರಿಗೆ ಹೊಡೀರಿ. ಇಲ್ಲಾಂದ್ರೆ ಎತ್ತು ಇಲ್ಲೇ ಬಿಟ್ಟು ಮನೀಗೆ ಹೋಗ್ರಿ.”

ಗಿಡ್ಡಪ್ಪ ಎತ್ತುಗಳ ಮುಖ ನೋಡಿದ. ಅವನು ಕೂರಿಗೆ ಹೂಡಿದ, ಹೊಲದ ಅಂಚಿಗೆ ಬಂದ, ಗಕ್ಕನೆ ತಿರುಗಿಸಿದ. ಟಿಕೆಟ್ ಕೌಂಟರಿನ ಮುಂದೆ ದಿನೇಶ್ ಮಗುವಿನಂತೆ ಸಾಕಿದ್ದ ಹುಲ್ಲುಹಾಸಿನ ಮೇಲೆ ಸಾಲು ಹೊಡೆದೇಬಿಟ್ಟ! ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಅಷ್ಟು ಹತ್ತಿರದಿಂದ ಬಿತ್ತನೆಯನ್ನು ಅವರು ಎಂದೂ ನೋಡಿರಲಿಲ್ಲವಂತೆ. ದುಡ್ಡು ಕೊಟ್ಟು ಬಂದವರ ಮುಂದೆ ಬೈಯಲಾಗದೆ ದಿನೇಶ್ ಹಲ್ಲು ಕಿರಿಯುತ್ತ ತಾನೂ ಚಪ್ಪಾಳೆ ತಟ್ಟಿದ. ಅಂದಿನಿಂದ ಬಿತ್ತನೆಯ ಆಟ ಅಲ್ಲೇ ಖಾಯಂ ಆಯಿತು.

“ಎತ್ತು ಕೈ ತಪ್ಪಿ ಹೋಗ್ತಿದ್ವಲ್ಲ, ಹೆದರಿಕಿ ಆಗಲಿಲ್ವಾ?” ಎಂದು ಆಮೇಲೆ ಕೇಳಿದೆ.

“ಆಗಿತ್ರಿ. ಆದ್ರೆ ಪೈರಿನ ಮ್ಯಾಲೆ ನಡೆಸಿದ್ರೆ ಅವು ನನ್ನ ಏನಂತ ತಿಳ್ಕಂತಿದ್ವು?”

ಚಳಿಗಾಲದಲ್ಲಿ ನೆಂಟರ ನೆಪವಿಲ್ಲದೆ ನಾನೊಬ್ಬನೇ ಹೋದೆ. ಜೋಳ ಕೊಯ್ದಾಗಿತ್ತು. ತೆನೆ ಮುರಿದ ದಂಟನ್ನು ಗಿಡ್ಡಪ್ಪ ಎತ್ತುಗಳ ಮುಂದೆ ಹರವುತ್ತಿದ್ದ. ತಾವು ಎಳೆದು ಬಿತ್ತಿದ್ದನ್ನು ಅವು ಕರಕರ ಅಗಿಯುತ್ತಿದ್ದವು. ಮೊಬೈಲ್ ಹಿಡಿದ ಜನ ಸುತ್ತುವರಿದರು. ವರ್ಷವಿಡೀ ಎಲ್ಲರ ಫೋಟೊಕ್ಕೂ ಮೀಸೆ ತಿರುವಿ ನಿಲ್ಲುತ್ತಿದ್ದ ಗಿಡ್ಡಪ್ಪ ಅಂದು ಅಡ್ಡ ಬಂದು ಕೈ ಮುಗಿದ.

“ಈಗ ಬ್ಯಾಡ್ರಿ. ಉಣ್ಣಾಕೆ ಹತ್ಯಾವು.”