ಆಗ ನನ್ನನ್ನೇ ಕೇಳು

ಉಸಿರೆಳೆದಾಗಲೆಲ್ಲ ಅಕ್ಕನ ಕತ್ತಿನ ಬುಡದಲ್ಲಿ ಒಂದು ಗುಳಿ ಬೀಳುತ್ತಿತ್ತು, ಏಲಕ್ಕಿ ಕಾಯಿಯೊಂದನ್ನು ಇಡಬಹುದಾದಷ್ಟು ಆಳ. ತಮಿಳು ಸೀಮೆಯ ಬೋಡಿನಾಯಕನೂರಿನಲ್ಲಿ ಏಲಕ್ಕಿ ಆರಿಸುತ್ತಲೇ ವಯಸ್ಸು ಕಳೆದವರು. ಶ್ವಾಸಕೋಶ ಗಟ್ಟಿಯಾಗುತ್ತ ಬಂದು, ಆಕ್ಸಿಜನ್ ಯಂತ್ರದ ನಳಿಕೆಯನ್ನು ಮೂಗಿನಿಂದ ತೆಗೆಯುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದರು. ಅಕ್ಕ ಎಂದೇ ಕರೆಯುತ್ತಿದ್ದ ಅವರನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಉತ್ತಮಪಾಳಯದಿಂದ ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ.

ಮೊದಮೊದಲು ನನ್ನನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ನಮ್ಮಿಬ್ಬರ ಮನೆಮಾತೂ ಕನ್ನಡವಾದರೂ ನನ್ನ ಬಾಯಿಗೆ ತಮಿಳೇ ಬರುತ್ತಿತ್ತು. "ನಮ್ಮ ಮಾತಲ್ಲಿ ಹೇಳು, ಆಮೇಲೆ ಮಾತ್ರೆ ನುಂಗ್ತೀನಿ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಾನು ತಡವರಿಸಿದರೆ ನಗು, ನಗುವಿನ ಬೆನ್ನಿಗೇ ಕೆಮ್ಮು. ಆ ಕೆಮ್ಮು ಇಳಿಸುತ್ತ ಇಳಿಸುತ್ತಲೇ ನಾವು ಹತ್ತಿರವಾದೆವು.

ಒಮ್ಮೆ ತೇನಿಯ ಆಸ್ಪತ್ರೆಯಲ್ಲಿ, ಪಕ್ಕದ ಹಾಸಿಗೆಯ ಹೆಂಗಸಿಗೆ ಗಂಟಲೊಳಗೆ ಕೊಳವೆ ಇಳಿಸಿದ್ದನ್ನು ನೋಡಿ ಬಂದರು. ಮನೆಗೆ ಬಂದವರೇ ನನ್ನ ಕೈ ಹಿಡಿದರು. "ನನ್ನ ಇನ್ನ ಅಲ್ಲಿಗೆ ಕಳಿಸ್ಬ್ಯಾಡ. ತಮ್ಮ ಅಳ್ತಾನೆ. ನೀ ಮಾತ್ರ ಕರ್ಕೊಂಡೋಗಕ್ಕೆ ಬಿಡಬ್ಯಾಡ." ಆಗಲಿ ಅಂದೆ.

ಕಣಿವೆಯ ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿತು. ಸಿಲಿಂಡರ್ ಹಚ್ಚಿದರೂ ತುಟಿಯ ನೀಲಿ ಇಳಿಯಲಿಲ್ಲ. ಅಕ್ಕನ ತಮ್ಮ ಆಂಬುಲೆನ್ಸ್ ಕರೆಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಕ್ಕ ಬ್ಯಾಡ ಅಂದವ್ರೆ ಅಣ್ಣಾ."

"ಅದನ್ನ ಹೇಳಕ್ಕೆ ನೀ ಯಾರಮ್ಮ? ಸತ್ತೋದ್ರೆ ತಂದ್ಕೊಡ್ತೀಯಾ?"

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಬಾಗಿಲ ಪಕ್ಕದ ಮಂಚದಿಂದ ಕೈ ಚಾಚಿದ್ದ ಅಕ್ಕ! ಕಣ್ಣುಗಳು ಅಗಲವಾಗಿದ್ದವು. "ಕರ್ಕೊಂಡೋಗು... ಬೇಗ."

ನಾನು ಬಾಗಿಲು ಬಿಟ್ಟು ಸರಿದೆ. ತೇನಿ ಸೇರುವವರೆಗೂ ಮುಖದ ಮೇಲಿನ ಮಾಸ್ಕ್ ಒತ್ತಿ ಹಿಡಿದೇ ಕೂತಿದ್ದೆ. ತಮ್ಮ ನನ್ನತ್ತ ಒಮ್ಮೆಯೂ ನೋಡಲಿಲ್ಲ.

ಪುಣ್ಯಕ್ಕೆ ಕೊಳವೆ ಬೇಕಾಗಲಿಲ್ಲ. ಅವರು ಮನೆಗೆ ಮರಳಿದ ದಿನ ತಮ್ಮ ನನಗೆ, "ನಾಳೆಯಿಂದ ಬರ್ಬ್ಯಾಡಮ್ಮ" ಅಂದರು. ಅಕ್ಕ ಕೇಳಿಸಿಕೊಂಡಿದ್ದರು. ಒಂದೊಂದು ಮಾತಿಗೂ ನಿಂತು, ಉಸಿರು ತುಂಬಿಕೊಂಡು ಹೇಳಿದರು: "ಅವಳು... ನಾ ಹೇಳಿದ್ದೇ... ಮಾಡಿದ್ಲು. ಮಾತು ತಪ್ಪಿದ್ದು... ನಾನು."

ತಮ್ಮ "ಸರಿ, ಬರ್ಲಿ" ಎಂದು ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. "ಭಯ ಆಗೋಯ್ತು ಕಣಮ್ಮ. ಬದುಕಬೇಕು ಅನ್ನಿಸ್ತು. ಇನ್ನೊಂದ್ಸಲ ಹಂಗಾದ್ರೆ, ಆಗ ನನ್ನನ್ನೇ ಕೇಳು. ಹಳೇ ಮಾತು ಹಿಡ್ಕೊಂಡು ನಿಂತ್ಕೋಬ್ಯಾಡ." ಇವತ್ತಿಗೂ ನಾನು ನೋಡಿಕೊಳ್ಳುವ ಪ್ರತಿಯೊಬ್ಬರ ಮುಂದೆಯೂ ಹಾಗೇ ನಡೆದುಕೊಳ್ಳುತ್ತೇನೆ. ನಿನ್ನೆ ಏನೇ ಹೇಳಿದ್ದರೂ ಇವತ್ತು ಮತ್ತೆ ಕೇಳುತ್ತೇನೆ.

ಆ ಇನ್ನೊಂದು ಸಲ ಮಾರ್ಗಳಿ ತಿಂಗಳ ಚಳಿಯಲ್ಲಿ ಬಂತು. ತುಟಿ ಮತ್ತೆ ನೀಲಿಯಾಯಿತು. ತಮ್ಮ ಕೈಯಲ್ಲಿ ಫೋನ್ ಹಿಡಿದು ನನ್ನ ಮುಖ ನೋಡಿದರು. ನಾನು ಬಗ್ಗಿ, "ಅಕ್ಕ, ಆಸ್ಪತ್ರೆಗೆ ಹೋಗಣ್ವಾ?" ಅಂದೆ. ತಲೆಯಾಡಿಸಿದರು, ಬೇಡವೆಂದು. ನನಗೆ ನಂಬಿಕೆಯಾಗಲಿಲ್ಲ. ಮತ್ತೆ ಕೇಳಿದೆ.

"ಬ್ಯಾಡ. ಕುಂತ್ಕೊ."

ತಮ್ಮ ಫೋನನ್ನು ಜೇಬಿಗಿಳಿಸಿ ಮಂಚದ ಮೇಲೆ ಕೂತರು. ಆಮೇಲೆ ಸ್ವಲ್ಪ ಸರಿದು ನನಗೂ ಜಾಗ ಬಿಟ್ಟರು. ಸಂಜೆ ಅಕ್ಕ ಹೋದಾಗ ಅವರ ಒಂದು ಕೈ ತಮ್ಮನ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ.