ಕರೆಗಂಟೆ ಇಲ್ಲದ ಮನೆ

ದೊಡ್ಡಮ್ಮನ ಮನೆಗೆ ಕರೆಗಂಟೆ ಇಲ್ಲ. ಮೊದಲು ಇತ್ತು. ಬಾಡಿಗೆಗೆ ಬಂದ ವಾರದಲ್ಲೇ ಅವಳೇ ಸ್ಟೂಲು ಹತ್ತಿ ಅದನ್ನು ಕಿತ್ತುಹಾಕಿದಳು. ಗಡಿಯಾರಕ್ಕೆ ಅಲಾರಂ ಇಲ್ಲ, ಫೋನಿಗೆ ಬಾಯಿಲ್ಲ. ಬಂದವರು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಾಗಿಲು ತಟ್ಟಬೇಕು. ತಟ್ಟಿದ್ದು ಕೇಳಿಸಲಿಲ್ಲವೆಂದರೆ ಮತ್ತೆ ಮೆಲ್ಲಗೇ ತಟ್ಟಬೇಕು.

“ನಿನ್ನ ಮನೆಗೆ ಕಳ್ಳ ಬಂದ್ರೂ ಚಪ್ಪಲಿ ಕೈಯಲ್ಲಿ ಹಿಡ್ಕೊಂಡೇ ಬರ್ಬೇಕು ನೋಡು,” ಎಂದು ತಂಗಿ ಆಡಿಕೊಳ್ಳುತ್ತಾಳೆ.

ಅವಳನ್ನು ದೊಡ್ಡಮ್ಮ ಎನ್ನುವ ಹಕ್ಕು ನಿಜವಾಗಿ ಇರುವುದು ಒಬ್ಬಳಿಗೇ, ಆ ತಂಗಿಯ ಹದಿಮೂರು ವರ್ಷದ ಮಗಳು ಗುಬ್ಬಿಗೆ. ಆದರೆ ಅವಳು ಕೆಲಸ ಮಾಡುವ ಪ್ರಯೋಗಾಲಯದ ವಿದ್ಯಾರ್ಥಿಗಳೂ ಬೆನ್ನ ಹಿಂದೆ ಹಾಗೆಯೇ ಕರೆಯುವುದರಿಂದ ನಾವೂ ಹಾಗೆಯೇ ಕರೆದರೆ ಅವಳೇನೂ ಬೇಜಾರು ಮಾಡಿಕೊಳ್ಳಲಾರಳು.

ಈ ಗದ್ದಲದ ದ್ವೇಷ ಅವಳಿಗೆ ಕಸುಬಿನಿಂದ ಅಂಟಿದ್ದು. ಹೃದಯದ ಒಂದೊಂದು ಜೀವಕೋಶದ ಗೋಡೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ. ಸೋಡಿಯಂ ಒಳಗೆ ನುಗ್ಗಿದರೆ ಬಡಿತ ಶುರು, ಪೊಟ್ಯಾಸಿಯಂ ಹೊರಗೆ ಹೋದರೆ ವಿಶ್ರಾಂತಿ. ಈ ಪೊಟ್ಯಾಸಿಯಂ ಬಾಗಿಲುಗಳಲ್ಲಿ ಒಂದರ ಹಿಂದೆ ದೊಡ್ಡಮ್ಮ ಇಪ್ಪತ್ತೆರಡು ವರ್ಷದಿಂದ ಬಿದ್ದಿದ್ದಾಳೆ. ಗಾಜಿನ ಕೊಳವೆಯನ್ನು ಕಾಯಿಸಿ, ಕೂದಲಿಗಿಂತ ಸಣ್ಣ ಮೊನೆಯಾಗುವಂತೆ ಎಳೆದು, ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ಜೀವಕೋಶಕ್ಕೆ ತಾಗಿಸಬೇಕು. ಆಮೇಲೆ ಕೊಳವೆಗೆ ಜೋಡಿಸಿದ ರಬ್ಬರು ನಳಿಗೆಯನ್ನು ಬಾಯಲ್ಲಿಟ್ಟು ಹಿತವಾಗಿ ಉಸಿರೆಳೆಯಬೇಕು. ಗಾಜು ಕೋಶಕ್ಕೆ ಕಚ್ಚಿಕೊಂಡಿತೋ, ಬಾಗಿಲಿನಲ್ಲಿ ಹಾಯುವ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಅಷ್ಟರಲ್ಲಿ ಯಾರಾದರೂ ಬಾಗಿಲು ಬಡಿದರೋ, ಬೆಳಗಿನಿಂದ ಮಾಡಿದ್ದೆಲ್ಲ ನೀರುಪಾಲು.

ಅವಳು ಗೆರೆಗಳ ವಿಷಯದಲ್ಲಿ ಮಹಾ ಮಡಿವಂತೆ. ಸ್ವಲ್ಪ ಡೊಂಕಾಗಿದ್ದರೂ ಅದು ಅಚ್ಚಾದ ಕಾಗದದ ಮೇಲೆ ಕಾರಣ ಬರೆದು ಪಕ್ಕಕ್ಕೆ ಸರಿಸುತ್ತಾಳೆ. ಆದರೆ ಎಸೆಯುವುದಿಲ್ಲ. ಕಪಾಟಿನ ಮೇಲಿನ ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ತುರುಕುತ್ತಾಳೆ. ವಿದ್ಯಾರ್ಥಿಗಳು ಆ ಡಬ್ಬಿಗೆ ಅನಾಥಾಶ್ರಮ ಎಂದು ಹೆಸರಿಟ್ಟಿದ್ದಾರೆ.

ಅಂದು ಬೆಳಿಗ್ಗೆ ಹತ್ತು ಗಂಟೆಗೆ, ಮೂರು ಸಲ ಕೈಕೊಟ್ಟ ಜೀವಕೋಶವೊಂದು ಕೊನೆಗೂ ಮನಸ್ಸು ಮಾಡಿತ್ತು. ದೊಡ್ಡಮ್ಮನ ಬಾಯಲ್ಲಿ ನಳಿಗೆ. ವಿದ್ಯಾರ್ಥಿಗಳಿಬ್ಬರೂ ಉಸಿರು ಬಿಗಿ ಹಿಡಿದಿದ್ದರು. ಗೆರೆ ನೆಟ್ಟಗಾಗುತ್ತಿತ್ತು.

ಧಡಾರನೆ ಬಾಗಿಲು ತೆರೆದು ತಂಗಿ ಒಳಗೆ ಬಂದಳು. ಪರದೆಯ ಮೇಲಿನ ಗೆರೆ ಹುಚ್ಚೆದ್ದು ಕುಣಿದು ಸತ್ತಿತು. ಈಗ ಇದೆ ಹಬ್ಬ ಎಂದುಕೊಂಡು ವಿದ್ಯಾರ್ಥಿಗಳು ಗೋಡೆಗೆ ಸರಿದರು.

“ಅಕ್ಕಾ, ನನ್ನ ಕೈಲಿ ಆಗಲ್ಲ,” ಎಂದಳು ತಂಗಿ. “ಗುಬ್ಬಿ ಇವತ್ತೂ ಜ್ಞಾನ ತಪ್ಪಿ ಬಿದ್ಲು. ಇದು ಮೂರನೇ ಸಲ. ಆಮೇಲೆ ಎರಡೇ ನಿಮಿಷಕ್ಕೆ ಎದ್ದು, ಏನೂ ಆಗಿಲ್ಲ ಅನ್ನೋ ಹಾಗೆ ತಿಂಡಿ ತಿಂತಾಳೆ. ಡಾಕ್ಟ್ರು ನಿಶ್ಶಕ್ತಿ ಅಂತ ಟಾನಿಕ್ ಬರ್ಕೊಟ್ರು. ಎಲ್ಲಿಯ ನಿಶ್ಶಕ್ತಿ? ಸ್ಕೂಲಿಗೆ ಚಕ್ಕರ್ ಹಾಕೋ ನಾಟಕ! ನಿನ್ನ ಮಾತಾದ್ರೆ ಕೇಳ್ತಾಳೆ, ಬಂದು ನಾಲ್ಕು ಬೈ.”

ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಸಿಟ್ಟಿನ ಕೆಳಗೆ ಇದ್ದದ್ದು ಬರೀ ಹೆದರಿಕೆ.

“ನಾಟಕ ಅಂತ ಯಾಕಂತೀಯ?”

“ಮತ್ತಿನ್ನೇನು? ರಜೆಗೆ ನಿನ್ನ ಮನೆಗೆ ಬಂದು ತಿಂಗಳಿದ್ರೂ ಒಂದ್ಸಲಾನೂ ಬೀಳಲ್ಲ. ನಮ್ಮನೇಲಿ ಅಲಾರಂ ಬಡೀತಿದ್ದ ಹಾಗೇ ದೊಪ್ಪಂತ ಬೀಳ್ತಾಳೆ.”

ದೊಡ್ಡಮ್ಮ ನಳಿಗೆಯನ್ನು ಮೇಜಿನ ಮೇಲಿಟ್ಟಳು.

ಪೊಟ್ಯಾಸಿಯಂ ಬಾಗಿಲು ಹುಟ್ಟಿನಿಂದಲೇ ಸೋಮಾರಿಯಾಗಿದ್ದರೆ ಹೃದಯ ಒಂದು ಬಡಿತದಿಂದ ಚೇತರಿಸಿಕೊಳ್ಳಲು ತಡ ಮಾಡುತ್ತದೆ. ಅಂಥವರಲ್ಲಿ ಕೆಲವರು ನಿದ್ದೆಯಲ್ಲಿದ್ದಾಗ ಗಂಟೆಯೋ ಅಲಾರಮ್ಮೋ ತಟ್ಟನೆ ಕೂಗಿದರೆ ಲಯ ಅಲ್ಲೇ ಕಳಚಿಬೀಳುತ್ತದೆ. ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಹೋಗದ ದಿನವೂ ಒಂದು ಬರಬಹುದು. ಇದನ್ನು ದೊಡ್ಡಮ್ಮ ಇಪ್ಪತ್ತೆರಡು ವರ್ಷ ಊರಿಗೆಲ್ಲ ಪಾಠ ಹೇಳಿದ್ದಳು.

ಅವಳು ಕುರ್ಚಿ ಹತ್ತಿ ಬಿಸ್ಕತ್ತಿನ ಡಬ್ಬಿ ಇಳಿಸಿ ಮೇಜಿನ ಮೇಲೆ ಸುರಿದಳು. ಎರಡು ವರ್ಷದ ಹಿಂದೆ ಹೊಸ ಇಸಿಜಿ ಯಂತ್ರ ಬಂದಾಗ, ಪರೀಕ್ಷಿಸಿ ನೋಡಲು ಸಿಕ್ಕಸಿಕ್ಕವರನ್ನೆಲ್ಲ ಮಲಗಿಸಿದ್ದರು. ರಜೆಗೆ ಬಂದಿದ್ದ ಗುಬ್ಬಿಯೂ ಕಿಸಿಕಿಸಿ ನಗುತ್ತ ಮಲಗಿದ್ದಳು. ಆ ಕಾಗದ ಸಿಕ್ಕಿತು. ಪ್ರತಿ ಬಡಿತದ ಕೊನೆಯ ಉಬ್ಬು ಎಲ್ಲಿ ಮುಗಿಯಬೇಕಿತ್ತೋ ಅಲ್ಲಿ ಮುಗಿಯದೆ ಆಚೆಗೆ ಎಳೆದುಕೊಂಡು ಹೋಗಿತ್ತು. ಅಂಚಿನಲ್ಲಿ ದೊಡ್ಡಮ್ಮನ ದುಂಡು ಅಕ್ಷರ: ‘ಹುಡುಗಿ ಅಲುಗಾಡಿದ್ದಾಳೆ. ಲೆಕ್ಕಕ್ಕಿಲ್ಲ.’

ಅಲುಗಾಡಿದ್ದರೆ ಗೆರೆ ಒಂದೆರಡು ಕಡೆ ಕೆಡುತ್ತಿತ್ತು. ಇದು ಹನ್ನೆರಡು ಬಡಿತದಲ್ಲೂ ಒಂದೇ ಥರ ಇತ್ತು. ಬೇರೆಯವರ ಮಗುವಾಗಿದ್ದರೆ ಅವಳು ಎರಡನೇ ಸಲ ನೋಡುತ್ತಿದ್ದಳು. ತಮ್ಮ ಮನೆಯ ತುಂಟಿ ಎಂದು ನಕ್ಕು ಬರೆದುಬಿಟ್ಟಿದ್ದಳು.

“ನಾಟಕ ಅಲ್ಲ ಕಣೇ,” ಎಂದಳು. “ಈಗ ಎಲ್ಲಿದ್ದಾಳೆ?”

“ಮಲ್ಕೊಂಡಿದ್ದಾಳೆ. ಅವರಪ್ಪ ಇದ್ದಾರೆ. ತಾಳು, ಫೋನ್ ಮಾಡಿ…”

“ಬೇಡ!” ದೊಡ್ಡಮ್ಮ ಅವಳ ಕೈ ಹಿಡಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು. “ಫೋನ್ ಬಡಿಯತ್ತೆ.”

ಟ್ಯಾಕ್ಸಿ ಹಿಡಿದು ಓಡಿದರು. ಮನೆ ಮುಂದೆ ಅಭ್ಯಾಸಬಲದಿಂದ ತಂಗಿಯ ಬೆರಳು ಕರೆಗಂಟೆಯತ್ತ ಹೋಗಿ, ಬೆಂಕಿ ಮುಟ್ಟಿದವಳ ಹಾಗೆ ಹಿಂದೆ ಬಂತು. ಇಬ್ಬರೂ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಬಾಗಿಲು ತೆರೆದ ತಂಗಿಯ ಗಂಡ, ಬೆಕ್ಕಿನ ಹೆಜ್ಜೆ ಇಟ್ಟು ಒಳಬಂದ ಅಕ್ಕತಂಗಿಯರನ್ನು ಕಂಡು, “ಏನಾಯ್ತು ನಿಮಗೆ?” ಎಂದ. ಗುಬ್ಬಿ ಸೊಂಪಾಗಿ ನಿದ್ದೆ ಮಾಡುತ್ತಿದ್ದಳು.

ಹೃದಯದ ವೈದ್ಯರು ಅಂದೇ ಹೊಸ ಇಸಿಜಿ ತೆಗೆಸಿ ಹಳೆಯದರ ಪಕ್ಕದಲ್ಲಿಟ್ಟರು. ಎರಡೂ ಒಂದೇ. ದಿನಾ ಮಾತ್ರೆ, ತಪ್ಪಿಸುವ ಹಾಗಿಲ್ಲ. ತಮ್ಮನ್ನು ಕೇಳದೆ ಬೇರೆ ಔಷಧಿ ಕೊಡುವ ಹಾಗಿಲ್ಲ. ಮಲಗುವ ಕೋಣೆಯಲ್ಲಿ ಅಲಾರಂ ಬೇಡ. ಹುಷಾರಾಗಿದ್ದರೆ ಹುಡುಗಿ ಚೆನ್ನಾಗಿಯೇ ಬಾಳುತ್ತಾಳೆ ಎಂದರು. ಆಮೇಲೆ ಹಳೆಯ ಕಾಗದದ ಅಂಚು ನೋಡಿ, “ಇದನ್ನ ಯಾರು ಬರೆದಿದ್ದು?” ಎಂದು ಕೇಳಿದರು.

“ನಾನೇ,” ಎಂದಳು ದೊಡ್ಡಮ್ಮ. ತಂಗಿಯ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ತಂಗಿ ಅಕ್ಕನ ಪಕ್ಕ ಕೂತಳು. “ನೀನು ಅಲುಗಾಡಿದ್ಲು ಅಂದೆ, ನಾನು ನಾಟಕ ಅಂದೆ,” ಎಂದಳು. “ನಿನ್ನದಾದ್ರೂ ಒಂದ್ಸಲ. ನಾನು ಮೂರು ಸಲ ಅಂದೆ ಅಕ್ಕ.” ಅಲ್ಲಿ ಇಬ್ಬರೂ ಸ್ವಲ್ಪ ಅತ್ತರು.

ಆ ರಾತ್ರಿ ದೊಡ್ಡಮ್ಮ ತಂಗಿಯ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಅಲಾರಂ ಬಡಿಯುತ್ತಿದ್ದ ಹೊತ್ತಿಗೆ ಗುಬ್ಬಿಯ ಮಂಚದ ಕಾಲ್ದೆಸೆಯಲ್ಲಿ ಕೂತು, ಗಾಜಿನ ಮೊನೆಯನ್ನು ಇಳಿಸುವಾಗ ಇರುವಷ್ಟೇ ನಿಧಾನವಾಗಿ, ಅವಳ ಅಂಗಾಲಿನ ಮೇಲೆ ಅಂಗೈಯಿಟ್ಟಳು. ಅದು ಬೆಚ್ಚಗಿತ್ತು. ಬಾಗಿಲಲ್ಲಿ ತಂಗಿಯೂ ಅವಳ ಗಂಡನೂ ಉಸಿರು ಬಿಗಿ ಹಿಡಿದು ನಿಂತಿದ್ದರು.

ಗುಬ್ಬಿ ಒಂದು ಕಣ್ಣು ತೆರೆದಳು.

“ದೊಡ್ಡಮ್ಮಾ, ಇನ್ನೈದು ನಿಮಿಷ…”

ಯಾವ ವಿದ್ಯಾರ್ಥಿಗೂ ಈವರೆಗೆ ಐದು ನಿಮಿಷ ಬಿಟ್ಟುಕೊಡದ ದೊಡ್ಡಮ್ಮ, “ಹತ್ತು ತಗೋ ಕಂದಾ,” ಎಂದಳು. ಅಂಗಾಲಿನಿಂದ ಕೈ ಮಾತ್ರ ತೆಗೆಯಲಿಲ್ಲ.